ದಂಡಿಗೆ ಹೋದವನ ಹೊಲ

ಯುದ್ಧ ಪ್ರಾರಂಭವಾಯಿತೆಂಬ ವಾರ್ತೆ ಬಾನುಲಿಯಲ್ಲಿ ಬಂದ ಸಂಜೆ ನಿಮ್ಮ ಮನೆಯಲ್ಲಿ ಏನು ನಡೆಯುತ್ತದೆ? ಅಡಿಗೆಮನೆಯಲ್ಲಿದ್ದವರು ಒಲೆಯ ಉರಿ ತಗ್ಗಿಸಿ ಹೊರಗೆ ಬರುತ್ತಾರೆ. ಗಲಾಟೆ ಮಾಡುವ ಮಕ್ಕಳನ್ನು ಗದರಿಸಿ ಸುಮ್ಮನಿರಿಸುತ್ತಾರೆ. ವಾರ್ತೆ ಮುಗಿದ ಮೇಲೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ನಾವು ಏನು ಮಾಡಬಹುದು?" ಪ್ರಶ್ನೆ ಒಳ್ಳೆಯದೇ. ಆದರೆ ಅದಕ್ಕೆ ನಾವು ಕಂಡುಕೊಳ್ಳುವ ಉತ್ತರಗಳು ಗಡಿಯಲ್ಲಿರುವ ಸೈನಿಕನವರೆಗೆ ಮುಟ್ಟುತ್ತವೆಯೇ ಎಂಬುದನ್ನು ಅಷ್ಟಾಗಿ ವಿಚಾರಿಸುವುದಿಲ್ಲ. ಮೆರವಣಿಗೆ, ಭಾಷಣ, ನಿಧಿ, ಹಾಡು ಇವುಗಳಲ್ಲಿ ಯಾವುದು ಅವನಿಗೆ ಧೈರ್ಯ ಕೊಡುತ್ತದೆ? ಪಟ್ಟಣದಲ್ಲಿ ಕುಳಿತು ಈ ಪ್ರಶ್ನೆಯನ್ನು ಬಿಡಿಸುವುದಕ್ಕಿಂತ ಒಂದು ಹಳ್ಳಿಯ ಹೊಲದ ಬದುವಿನ ಮೇಲೆ ನಿಂತು ನೋಡೋಣ.

ಹಳ್ಳಿಯ ಹೆಸರು ಸೊನ್ನ. ಕಲಬುರಗಿ ಜಿಲ್ಲೆಯಲ್ಲಿ ಈ ಹೆಸರಿನ ಊರು ಒಂದೇ ಅಲ್ಲ. ಜೇವರ್ಗಿ ತಾಲೂಕಿನಲ್ಲಿಯೂ ಒಂದಿದೆ. ನಾನು ಹೇಳುವುದು ಅಫಜಲಪುರ ತಾಲೂಕಿನ, ಭೀಮಾ ನದಿಯ ದಂಡೆಯ ಸೊನ್ನವನ್ನು. ಇಂದು ಅದರ ಹೆಸರು ಪತ್ರಿಕೆಯಲ್ಲಿ ಬರುವುದು ಅಲ್ಲಿನ ಬ್ಯಾರೇಜಿನಿಂದ ಎಷ್ಟು ನೀರು ಬಿಟ್ಟರೆಂಬ ಸುದ್ದಿಯೊಡನೆ. 1948ರ ಸೆಪ್ಟೆಂಬರಿನವರೆಗೆ ಈ ಭಾಗದಲ್ಲಿ ಹೊಳೆಯೇ ಗಡಿಯಾಗಿತ್ತು. ಇತ್ತ ನಿಜಾಮನ ಹೈದರಾಬಾದು ಸಂಸ್ಥಾನ, ಅತ್ತ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆ. ಈ ದಂಡೆಯಲ್ಲಿ ಹಾಲಿ ರೂಪಾಯಿ, ಆ ದಂಡೆಯಲ್ಲಿ ಕಲದಾರ ರೂಪಾಯಿ. ಸಂಸ್ಥಾನದ ಗಡಿಯಲ್ಲಿ ಸುಂಕ ವಸೂಲಿಗೆ ಕರೋಡಗಿರಿಯವರ ನಾಕೆ.

ಆ ಕಾಲದಲ್ಲಿ ಯುದ್ಧಕ್ಕೆ ಬೆಂಬಲವೆಂದರೆ ಅರಸನು ಕೊಡುವ ಕಾಣಿಕೆ. ಮೊದಲನೆಯ ಮಹಾಯುದ್ಧದಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಬ್ರಿಟಿಷ್ ವಾಯುದಳದ 110ನೆಯ ತುಕಡಿಗೆ ವಿಮಾನಗಳ ಬೆಲೆ ಕೊಟ್ಟರು. ತುಕಡಿಗೆ ಹೈದರಾಬಾದಿನ ಹೆಸರೇ ಬಂತು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು 50 ಲಕ್ಷ ರೂಪಾಯಿ ಕೊಟ್ಟರು. ಅವರ ಅಶ್ವದಳ 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಡನೆ ಹೈಫಾ ಪಟ್ಟಣವನ್ನು ಗೆದ್ದುಕೊಂಡಿತು. ಭೀಮಾ ದಂಡೆಯ ರೈತನನ್ನು ಈ ವಿಷಯದಲ್ಲಿ ಯಾರೂ ಕೇಳಲಿಲ್ಲ. ವಿಮಾನದ ಬೆಲೆಯಲ್ಲಿ ಅವನ ಜೋಳದ ಪಾಲೂ ಇದ್ದೀತು. ವಿಮಾನದ ಮೇಲೆ ಅವನ ಹೆಸರಿರಲಿಲ್ಲ, ಅಷ್ಟೆ.

ಕೇಳುವ ಕಾಲ ಬಂದದ್ದು 1962ರಲ್ಲಿ. ಅಕ್ಟೋಬರ್ 20ರಂದು ಚೀನಾದ ಸೈನ್ಯ ಗಡಿ ದಾಟಿ ಬಂದಾಗ ದೀಪಾವಳಿಗೆ ಒಂದೇ ವಾರವಿತ್ತು. ನಮ್ಮ ಎಷ್ಟೋ ಸೈನಿಕರು ಹಿಮಾಲಯದ ಎತ್ತರದಲ್ಲಿ ಹತ್ತಿಯ ಸಮವಸ್ತ್ರ ತೊಟ್ಟು, ಕ್ಯಾನ್ವಾಸು ಬೂಟು ಮೆಟ್ಟಿ ನಿಂತಿದ್ದರೆಂಬುದು ತಿಳಿದಾಗ ದೇಶಕ್ಕೆ ದೇಶವೇ ಕಸಿವಿಸಿಗೊಂಡಿತು. ರಾಷ್ಟ್ರೀಯ ರಕ್ಷಣಾ ನಿಧಿ ಸ್ಥಾಪನೆಯಾಯಿತು. ಹೆಂಗಸರು ಬಳೆ, ಸರಗಳನ್ನು ಬಿಚ್ಚಿಕೊಟ್ಟರು. ಊರೂರಿನಲ್ಲಿ ಉಣ್ಣೆಯ ನೂಲು ತಂದು ಸ್ವೆಟರು ಹೆಣೆಯಲು ಕುಳಿತರು. ನವೆಂಬರಿನಲ್ಲಿಯೂ ಮಧ್ಯಾಹ್ನ ಬೆವರುವ ಬಯಲುಸೀಮೆಯ ಹೆಣ್ಣುಮಗಳಿಗೆ ಹಿಮವೆಂದರೆ ಏನು ಗೊತ್ತು? ಆದರೂ ಹೆಣೆದರು. ಅಳತೆ ಸರಿಯಾಗದ ಸ್ವೆಟರನ್ನು ಕಂಡು ನಗಬಾರದು. ಅಂಗಡಿಯಿಂದ ಕೊಂಡ ಕಂಬಳಿಗಿಂತ ಅದರಲ್ಲಿ ಹೆಚ್ಚಿನದೊಂದಿತ್ತು: ಯಾರೋ ಒಬ್ಬರು ತನಗಾಗಿ ಹತ್ತು ಸಂಜೆ ಕಳೆದಿದ್ದಾರೆಂಬ ತಿಳಿವಳಿಕೆ.

ಇದೇ ಸಮಯದಲ್ಲಿ ಇನ್ನೊಂದು ಸಂಗತಿ ನಡೆಯಿತು. ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1963ರ ಜನವರಿಯಲ್ಲಿ ಚಿನ್ನದ ನಿಯಂತ್ರಣ ಬಂದು, 14 ಕ್ಯಾರಟ್ಟಿಗಿಂತ ಶುದ್ಧವಾದ ಚಿನ್ನದಲ್ಲಿ ಹೊಸ ಒಡವೆ ಮಾಡುವುದು ನಿಷಿದ್ಧವಾಯಿತು. ಅಕ್ಕಸಾಲಿಗನ ಕುಲುಮೆ ತಣ್ಣಗಾಯಿತು. ಬಳೆ ಕೊಟ್ಟವರನ್ನು ಹೊಗಳಿದ ನಾವು ಬಳೆ ಮಾಡುತ್ತಿದ್ದವನ ಉಪವಾಸವನ್ನು ಯುದ್ಧದ ಲೆಕ್ಕಕ್ಕೆ ಸೇರಿಸಲೇ ಇಲ್ಲ.

1965ರಲ್ಲಿ ಪಾಕಿಸ್ತಾನದೊಡನೆ ಯುದ್ಧವಾದಾಗ ಸರಕಾರ ಚಿನ್ನದ ಬಾಂಡುಗಳನ್ನು ಹೊರಡಿಸಿತು. ಆಗಲೇ ಅರಸುತನ ಹೋಗಿದ್ದ ಅದೇ ಉಸ್ಮಾನ್ ಅಲಿ ಖಾನರು 5000 ಕಿಲೋಗ್ರಾಮ್ ಚಿನ್ನವನ್ನು ದಾನ ಮಾಡಿದರೆಂಬ ಕಥೆಯನ್ನು ನೀವೂ ಕೇಳಿರಬಹುದು. ಅವರು ದಾನ ಮಾಡಲಿಲ್ಲ. 425 ಕಿಲೋಗ್ರಾಮ್ ಚಿನ್ನವನ್ನು ಆ ಬಾಂಡುಗಳಲ್ಲಿ ಹೂಡಿದರು. ಬಾಂಡು ಎಂದರೆ ಬಡ್ಡಿಯೊಡನೆ ಮರಳಿ ಬರುವ ಸಾಲ. ಹೂಡಿದ್ದರಲ್ಲಿ ತಪ್ಪಿಲ್ಲ, ದೇಶಕ್ಕೆ ಅದರಿಂದ ಉಪಕಾರವೇ ಆಯಿತು. ಆದರೆ ಮರಳಿ ಬರುವ ಚಿನ್ನಕ್ಕೂ ಮರಳಿ ಬಾರದ ಬಳೆಗೂ ವ್ಯತ್ಯಾಸವುಂಟು. ಅದೇ ವರ್ಷ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತಿನ ಊಟ ಬಿಡಿರೆಂದು ಕೇಳಿಕೊಂಡರು; ಸೋಮವಾರದ ರಾತ್ರಿ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಲಿಲ್ಲ. ನಮ್ಮ ಕಡೆ ಸೋಮವಾರ ಮೊದಲೇ ಶಿವನ ವಾರ, ಹಲವರಿಗೆ ಒಪ್ಪತ್ತಿನ ದಿನ. ಅಂಥವರು ಇನ್ನೊಂದು ವಾರವನ್ನು ಹುಡುಕಿಕೊಳ್ಳಬೇಕಾಗಿತ್ತು!

ಇವೆಲ್ಲವೂ ದೇಶ ಸೈನ್ಯಕ್ಕೆ ಕೊಟ್ಟದ್ದು. ಈಗ ಒಬ್ಬನೇ ಸೈನಿಕನ ಕಡೆಗೆ ತಿರುಗೋಣ. ಭೀಮಾ ದಂಡೆಯ ಇಂಥ ಒಂದು ಊರಿನಿಂದ ಒಬ್ಬ ತರುಣ ದಂಡಿಗೆ ಹೋಗಿದ್ದಾನೆಂದು ಇಟ್ಟುಕೊಳ್ಳಿ. ಮನೆಯಲ್ಲಿ ವಯಸ್ಸಾದ ತಾಯಿ, ಹೆಂಡತಿ, ಎರಡು ಕೂಸು. ಎಂಟೆಕರೆ ಎರೆಭೂಮಿ. ರಾತ್ರಿ ಪಹರೆಯಲ್ಲಿ ನಿಂತಾಗ ಅವನ ಮನಸ್ಸು ಎಲ್ಲಿರುತ್ತದೆ?

ಎರೆಭೂಮಿಯ ಸ್ವಭಾವ ಪಟ್ಟಣದವರಿಗೆ ತಿಳಿದಿರಲಿಕ್ಕಿಲ್ಲ. ಇಲ್ಲಿ ಬಿಳಿಜೋಳವನ್ನು ಬಿತ್ತುವುದು ಹಿಂಗಾರಿಗೆ. ಉತ್ತರಿ, ಹಸ್ತಾ, ಚಿತ್ತಿ ಮಳೆಗಳ ಆಸುಪಾಸಿನಲ್ಲಿ, ಎಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮುಗಿಯುವುದರೊಳಗೆ. ಆ ಮೇಲೆ ಬೆಳೆಗೆ ಮಳೆಯ ಆಸರೆ ಕಡಿಮೆ. ಕಪ್ಪು ಮಣ್ಣು ತನ್ನ ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡ ತೇವದ ಮೇಲೆಯೇ ಜೋಳ ತೆನೆಯಾಗಬೇಕು. ಮಳೆ ನಿಂತು ನೆಲ ಹದಕ್ಕೆ ಬಂದ ಕೆಲವೇ ದಿನಗಳಲ್ಲಿ ಕೂರಿಗೆ ಹೂಡಬೇಕು. ತಡವಾದರೆ ಮೇಲ್ಮಣ್ಣು ಒಣಗಿ ಬೀಜ ಮೊಳೆಯುವುದಿಲ್ಲ, ಆ ವರ್ಷದ ರೊಟ್ಟಿಯೂ ಇಲ್ಲ, ದನಕ್ಕೆ ಕಣಿಕೆಯೂ ಇಲ್ಲ. ಆದುದರಿಂದಲೇ ರೈತರ ಮನೆಯ ಜವಾನರು ರಜೆ ಕೇಳುವುದು ಬಿತ್ತಿಗೆಗೆ, ಇಲ್ಲವೆ ಸುಗ್ಗಿಗೆ. ಯುದ್ಧ ಬಂದೊಡನೆ ಮೊದಲು ರದ್ದಾಗುವುದು ಆ ರಜೆಯೇ.

ಇನ್ನು ಪಂಚಾಂಗವನ್ನು ತೆಗೆದು ನೋಡಿ. 1965ರ ಯುದ್ಧ ಬಿರುಸಾಗಿ ನಡೆದದ್ದು ಸೆಪ್ಟೆಂಬರ್ 6ರಿಂದ 23ರವರೆಗೆ. ಉತ್ತರಿ ಮಳೆಯ ದಿನಗಳವು. 1962ರದು ಚಿತ್ತಿ ಮುಗಿದು ಸ್ವಾತಿ ಹಿಡಿಯುವ ಹೊತ್ತು. ತಡವಾಗಿ ಬಿತ್ತುವವರು ಬಿತ್ತುತ್ತಿರುತ್ತಾರೆ, ಮೊದಲೇ ಬಿತ್ತಿದವರು ಎಡೆ ಹೊಡೆಯುತ್ತಿರುತ್ತಾರೆ. 1999ರಲ್ಲಿ ಕಾರ್ಗಿಲ್ ಕಾಳಗ ಮೇ ತಿಂಗಳಿಂದ ಜುಲೈ 26ರವರೆಗೆ ನಡೆಯಿತು. ಮುಂಗಾರಿ ಬಂದು ತೊಗರಿ ಬಿತ್ತುವ ಕಾಲ ಅದು. ಸೇನಾಪತಿಗಳು ಹಿಮ, ಕಣಿವೆ, ಹೊಳೆಗಳನ್ನು ನೋಡಿ ಯುದ್ಧದ ಕಾಲವನ್ನು ನಿರ್ಧರಿಸುತ್ತಾರೆಯೇ ಹೊರತು ಕೂರಿಗೆಯನ್ನು ನೋಡಿ ಅಲ್ಲ. ಶಾಸ್ತ್ರಿಯವರ "ಜೈ ಜವಾನ್ ಜೈ ಕಿಸಾನ್" ಎಂಬ ಘೋಷಣೆಯನ್ನು ನಾವು ಇಬ್ಬರು ಬೇರೆ ಬೇರೆ ಮನುಷ್ಯರಿಗೆ ಹೇಳಿದ ಜಯಕಾರವೆಂದು ತಿಳಿದಿದ್ದೇವೆ. ಎಷ್ಟೋ ಮನೆಗಳಲ್ಲಿ ಅವರಿಬ್ಬರೂ ಒಬ್ಬನೇ.

ಹಾಗಾದರೆ ಅವನ ಹೊಲವನ್ನು ಬಿತ್ತುವವರು ಯಾರು? ನಮ್ಮ ಹಳ್ಳಿಗಳಲ್ಲಿ ಇದಕ್ಕೊಂದು ಹಳೆಯ ದಾರಿಯಿದೆ. ಅದರ ಹೆಸರು ಮುಯ್ಯಿ. ಇಂದು ನೀನು ನಿನ್ನ ಎತ್ತು ಹೂಡಿಕೊಂಡು ನನ್ನ ಹೊಲಕ್ಕೆ ಬಾ, ನಾಳೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ. ಇದರಲ್ಲಿ ಹಣದ ಮಾತಿಲ್ಲ. ಆಳಿಗೆ ಆಳು, ಎತ್ತಿಗೆ ಎತ್ತು. ದಂಡಿಗೆ ಹೋದವನ ಮನೆಗೆ ಹೋಗುವ ಮುಯ್ಯಾಳು ಮರುದಿನದ ಲೆಕ್ಕವನ್ನು ಇಡುವಂತಿಲ್ಲ. ಅಲ್ಲಿಂದ ತಿರುಗಿ ಬರಬೇಕಾದ ಆಳು ಗಡಿಯಲ್ಲಿ ನಿಂತಿದ್ದಾನೆ.

ಹಾಗೆಂದು ಎಲ್ಲ ನೆರೆಹೊರೆಯವರೂ ಮುಯ್ಯಿಗೆ ಬರುವವರಲ್ಲ. ಗಂಡಸು ಊರಲ್ಲಿಲ್ಲದ ಮನೆಯ ಬದುವನ್ನು ವರ್ಷಕ್ಕೆ ಒಂದು ಮೊಳ ಒತ್ತುವವರೂ ಇದ್ದಾರೆ. ಮೆರವಣಿಗೆಯಲ್ಲಿ ಮುಂದೆ ನಿಂತು ಕೂಗುವುದಕ್ಕೂ ಅವರೇ ಮೊದಲಿಗರೆಂದರೆ ನೀವು ಆಶ್ಚರ್ಯಪಡಬೇಕಾಗಿಲ್ಲ. ಇದಕ್ಕೆ ಕಾನೂನಿನ ಆಸರೆಯಿದೆ. ಸೈನಿಕರ ವ್ಯಾಜ್ಯಗಳನ್ನು ಕುರಿತ 1925ರ ಕಾಯಿದೆಯ ಪ್ರಕಾರ, ಯುದ್ಧದ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವ ಸೈನಿಕನ ಪರವಾಗಿ ಯಾರೂ ಕೋರ್ಟಿನಲ್ಲಿ ಹಾಜರಿಲ್ಲದಿದ್ದರೆ ಮೊಕದ್ದಮೆಯನ್ನು ತಡೆದು ಇರಿಸಬೇಕು. ಅವನ ಬೆನ್ನ ಹಿಂದೆ ಆದ ಡಿಕ್ರಿಯನ್ನು ರದ್ದುಪಡಿಸಿಕೊಳ್ಳಲು ಅವಕಾಶವಿದೆ. ಕರ್ನಾಟಕದ 1961ರ ಭೂಸುಧಾರಣಾ ಕಾಯಿದೆಯಲ್ಲಿಯೂ, ಗೇಣಿಗೆ ಕೊಟ್ಟ ಭೂಮಿಯನ್ನು ಸೈನಿಕನು ಮರಳಿ ಪಡೆಯಲು ಪ್ರತ್ಯೇಕ ವಿಧಿಯಿದೆ. ಆದರೆ ಕಾಯಿದೆ ತಾನಾಗಿ ನಡೆದು ಆ ಮನೆಗೆ ಬರುವುದಿಲ್ಲ. ಓದು ಬಲ್ಲವರೊಬ್ಬರು ಆ ತಾಯಿಗೆ ಅರ್ಜಿ ಬರೆದುಕೊಟ್ಟು, ಅವಳೊಡನೆ ತಾಲೂಕಿನ ಕಚೇರಿಯವರೆಗೆ ಹೋಗಿ ಬರಬೇಕು. ಪಟ್ಟಣದಲ್ಲಿರುವ ನಿಮ್ಮಿಂದ ಆಗುವ ಕೆಲಸವಿದು.

ಹೊಲವನ್ನು ಬಿತ್ತಿದರೆ ಸಾಲದು. ಬಿತ್ತಿದ್ದು ಅವನಿಗೆ ತಿಳಿಯಬೇಕು. ಸೈನಿಕನ ವಿಳಾಸವನ್ನು ನೀವು ನೋಡಿದ್ದೀರಾ? ನಂಬರು, ಹುದ್ದೆ, ಹೆಸರು, ದಳ, ಕೊನೆಗೆ "ಮಾರ್ಫತ್ 56 ಎ.ಪಿ.ಓ." ಅಥವಾ "99 ಎ.ಪಿ.ಓ." ಊರಿನ ಹೆಸರೇ ಇಲ್ಲ. ದಳ ಎಲ್ಲಿದೆಯೆಂಬುದು ಸೇನಾ ಅಂಚೆಯವರಿಗೆ ಗೊತ್ತು. ಲಕೋಟೆಯನ್ನು ಕಂಡವರಿಗೆ ಗೊತ್ತಾಗುವುದಿಲ್ಲ. ಅವನು ತಾನಿರುವ ಜಾಗವನ್ನು ಬರೆಯುವಂತಿಲ್ಲ, ನೀವು ಕೇಳುವಂತಿಲ್ಲ. ಆದುದರಿಂದ ಆ ಪತ್ರದಲ್ಲಿ ಇರಬಹುದಾದ ಸುದ್ದಿಯೆಲ್ಲ ಊರಿನದೇ. "ಇತ್ತ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಬೇಕು" ಎಂಬ ಒಕ್ಕಣೆಯಿಂದ ಅವನಿಗೆ ಸಮಾಧಾನವಾಗುವುದಿಲ್ಲ. ಎಲ್ಲರೂ ಕ್ಷೇಮವಿಲ್ಲದಾಗಲೂ ನಾವು ಹಾಗೆಯೇ ಬರೆಯುವವರೆಂಬುದು ಅವನಿಗೆ ಗೊತ್ತು. "ಕೆಳಗಿನ ಓಣಿ ಕಾಕಾ ಎರಡು ದಿನ ಎತ್ತು ಕೊಟ್ಟಾರ. ಹೊಳಿ ಕಡಿ ಹೊಲಾ ಬಿತ್ತಿ ಮುಗದದ. ಎಮ್ಮಿ ಈದದ, ಹೆಣ್ಗರು" ಎಂದು ತಾಯಿ ಹೇಳಿದಂತೆಯೇ ಬರೆದುಕೊಟ್ಟರೆ ಅವನು ಅದನ್ನು ನಂಬುತ್ತಾನೆ. ಕಾಗದ ಬರೆದುಕೊಡುವ ಮಾಸ್ತರರು ಅವಳ ಮಾತನ್ನು ತಿದ್ದಿ ಪುಸ್ತಕದ ಕನ್ನಡ ಮಾಡಬಾರದು.

ಬಾನುಲಿ ಮಾಡಿದ ಕೆಲಸವೂ ಇದಕ್ಕೆ ಹತ್ತಿರದ್ದೇ. 1957ರ ಅಕ್ಟೋಬರ್ 3ರಂದು ಆರಂಭವಾದ ವಿವಿಧ ಭಾರತಿಯ "ಜಯಮಾಲಾ" ಕಾರ್ಯಕ್ರಮವನ್ನು ನೀವು ಕೇಳಿರುವಿರಿ. ಹಾಡುಗಳು ಸಿನಿಮಾದವೇ, ಮಿಕ್ಕ ಕಾರ್ಯಕ್ರಮಗಳಲ್ಲಿಯೂ ಬರುವಂಥವೇ. ಅದರ ಶಕ್ತಿಯಿದ್ದದ್ದು ಹಾಡಿಗೆ ಮೊದಲು ಓದುವ ಹೆಸರುಗಳಲ್ಲಿ. ಎಲ್ಲೋ ಒಂದು ಬಂಕರಿನಿಂದ ಕಾಗದ ಬರೆದವನು ತನ್ನ ಹೆಸರನ್ನು ದೇಶವೆಲ್ಲ ಕೇಳುವಂತೆ ಕೇಳುತ್ತಿದ್ದ; ಅದೇ ಹೊತ್ತಿಗೆ ಅವನ ಮನೆಯವರೂ ಕೇಳಿರಬಹುದೆಂದು ತಿಳಿದು ಮಲಗುತ್ತಿದ್ದ. 1963ರ ಜನವರಿ 27ರಂದು ದೆಹಲಿಯಲ್ಲಿ ಲತಾ ಮಂಗೇಶ್ಕರರು ಹಾಡಿದ ಕವಿ ಪ್ರದೀಪರ ಗೀತೆ ಇದಕ್ಕಿಂತ ಪ್ರಸಿದ್ಧವಾಯಿತು. ಆದರೆ ನನಗೆ ತೋರುವಂತೆ ಅದು ಸೈನಿಕನಿಗಾಗಿ ಹಾಡಿದ್ದಲ್ಲ, ಮನೆಯಲ್ಲಿ ಉಳಿದ ನಮಗಾಗಿ ಹಾಡಿದ್ದು.

ಇನ್ನೊಂದು ಬೆಂಬಲವಿದೆ, ಅದು ಸುಮ್ಮನಿರುವುದು. 2025ರ ಮೇ ತಿಂಗಳ ಕಾಳಗದಲ್ಲಿ ಸೇನೆಯ ಚಲನವಲನವನ್ನು ನೇರವಾಗಿ ಬಿತ್ತರಿಸಬಾರದೆಂದು ಸರಕಾರ ಸುದ್ದಿಮಾಧ್ಯಮಗಳಿಗೂ ಜನರಿಗೂ ಸೂಚಿಸಬೇಕಾಯಿತು. ಊರ ಹೆಸರಿಲ್ಲದ ಆ ಹಳೆಯ ವಿಳಾಸ ಹೇಳುತ್ತಿದ್ದುದೂ ಅದನ್ನೇ. ರಜೆ ರದ್ದಾದ ಮಗ ಯಾವ ಗಾಡಿ ಹತ್ತಿ ಎತ್ತ ಹೋದನೆಂಬುದನ್ನು ಕೈಯಲ್ಲಿರುವ ಫೋನಿನಿಂದ ಹತ್ತು ಜನಕ್ಕೆ ಕಳಿಸುವ ತಂದೆಗೆ ಹೆಮ್ಮೆಯೇ ಇರಬಹುದು. ಆ ಹೆಮ್ಮೆಯ ಬೆಲೆಯನ್ನು ತೆರಬೇಕಾದವನು ಮಗ.

1971ರ ಯುದ್ಧದ ಮಾತನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೇನೆ. ಡಿಸೆಂಬರ್ 3ರಂದು ಅದು ಆರಂಭವಾದಾಗ ಭೀಮಾ ದಂಡೆಯಲ್ಲಿ ಬಿತ್ತಿಗೆ ಮುಗಿದಿತ್ತು. ಜೋಳ ತೆನೆ ಹಿರಿಯುವ ಕಾಲ, ಕವಣೆ ಹಿಡಿದು ಹಕ್ಕಿ ಕಾಯುವ ಕಾಲ. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು. ಮರುದಿನ ಶುಕ್ರವಾರ, ಮಾರ್ಗಶಿರ ಬಹುಳ ಅಮಾವಾಸ್ಯೆ. ನಮ್ಮ ಕಡೆಯವರಿಗೆ ಅದು ಎಳ್ಳ ಅಮಾಸಿ. ಅಂದು ಒಲೆಯ ಮೇಲೆ ಭಜ್ಜಿ, ತಟ್ಟೆಯಲ್ಲಿ ಸಜ್ಜೆಯ ರೊಟ್ಟಿ, ಶೇಂಗಾದ ಹೋಳಿಗೆ; ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬೆಳೆಯ ನಡುವೆ ಪೂಜೆ ಮಾಡಿ, ಸುತ್ತಲೂ ಚರಗ ಚೆಲ್ಲಿ, ಅಲ್ಲಿಯೇ ಕುಳಿತು ಉಣ್ಣುತ್ತಾರೆ. ಚರಗ ಚೆಲ್ಲುವವನು ಸಾಮಾನ್ಯವಾಗಿ ಮನೆಯ ಗಂಡಸು. ದಂಡಿಗೆ ಹೋದವನ ಹೊಲದಲ್ಲಿ ಅಂದು ಆ ಕೆಲಸಕ್ಕೆ ಇನ್ನೊಬ್ಬರು ನಿಲ್ಲಬೇಕಾಗಿತ್ತು. ಆ ರಾತ್ರಿ 8 ಗಂಟೆಗೆ ಪಶ್ಚಿಮ ಗಡಿಯಲ್ಲಿಯೂ ಗುಂಡಿನ ಸದ್ದು ನಿಂತಿತು. ಚರಗ ಚೆಲ್ಲಿದವರು ಯಾರು, ತೆನೆ ಎಷ್ಟುದ್ದ ಬಂದಿದೆ ಎಂಬ ಕಾಗದ ಅವನ ಕೈ ಸೇರಲು ಇನ್ನೂ ಕೆಲವು ದಿನ ಬೇಕಾಗಿತ್ತು.