ಒರಳು–ಒನಕೆಗಳಿಗೂ ಒಂದು ಇತಿಹಾಸ

ಇತಿಹಾಸವೆಂದೊಡನೆ ಅರಸರ ವಂಶಾವಳಿ, ಯುದ್ಧ, ಕೋಟೆ–ಕೊತ್ತಲಗಳೇ ನೆನಪಿಗೆ ಬರುವುದು ವಾಡಿಕೆ. ಆದರೆ ಆ ಅರಸರಿಗೂ ಅನ್ನವನ್ನು ಬೆಳೆದುಕೊಟ್ಟ ರೈತನ ನೇಗಿಲಿಗೆ, ಅಕ್ಕಿ ಕುಟ್ಟಿದ ಗೃಹಿಣಿಯ ಒನಕೆಗೆ ಇತಿಹಾಸವಿಲ್ಲವೇ? ಈ ಪ್ರಶ್ನೆಗೆ ಉತ್ತರವಾಗಿ ಬೆಳೆದುದೇ ಬಯಲು ವಸ್ತುಸಂಗ್ರಹಾಲಯ. 1891ರಲ್ಲಿ ಆರ್ತುರ್ ಹಜೇಲಿಯಸ್ ಎಂಬವರು ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿ ‘ಸ್ಕಾನ್ಸೆನ್’ ಎಂಬ ಸಂಗ್ರಹಾಲಯವನ್ನು ತೆರೆದರು. ಕೈಗಾರಿಕೆಗಳು ಬೆಳೆದು ಹಳ್ಳಿಗರು ನಗರಗಳತ್ತ ನಡೆಯುತ್ತಿದ್ದ ಕಾಲವದು. ನಾಡಿನ ನಾನಾ ಭಾಗಗಳ ಹಳೆಯ ಮನೆಗಳನ್ನು ಬಿಚ್ಚಿ ತಂದು, ಅಲ್ಲಿ ಮತ್ತೆ ಕಟ್ಟಿ ನಿಲ್ಲಿಸಲಾಯಿತು.

ಕನ್ನಡ ನಾಡಿನಲ್ಲಿಯೂ ಇಂತಹ ಸಾಹಸಗಳು ನಡೆದಿವೆ. ಆಡಳಿತಾಧಿಕಾರಿಯೂ ಜಾನಪದ ವಿದ್ವಾಂಸರೂ ಆಗಿದ್ದ ಎಚ್. ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಬಳಿ 15 ಎಕರೆ ನೆಲದಲ್ಲಿ ‘ಜಾನಪದ ಲೋಕ’ವನ್ನು ನಿರ್ಮಿಸಿದರು. ಅಲ್ಲಿನ ‘ಲೋಕಮಾತಾ ಮಂದಿರ’ದಲ್ಲಿ ಮನೆವಾರ್ತೆಯ ಹಳೆಯ ಸಲಕರಣೆಗಳನ್ನು ಕಾಣಬಹುದು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕುಂಜೂರು ಚೌಕಿಮನೆಯಂತಹ ಮನೆಗಳನ್ನು ಮೂಲಸ್ಥಾನದಿಂದ ತಂದು ಪುನಃ ಎಬ್ಬಿಸಿದರು. ಪುಣೆಯ ಹೆದ್ದಾರಿಯಾಗಿ ಊರಿಗೆ ಹೋಗುವವರಿಗೆ ಕೊಲ್ಹಾಪುರದ ಸಮೀಪದ ಕಣೇರಿ ಮಠದ ಸಿದ್ಧಗಿರಿ ಸಂಗ್ರಹಾಲಯವೂ ದಾರಿಯಲ್ಲಿಯೇ ದೊರೆಯುತ್ತದೆ. ಅಲ್ಲಿ ಕುಂಬಾರ, ಕಮ್ಮಾರ, ಬಡಗಿ ಮೊದಲಾದವರ ದುಡಿಮೆಯನ್ನು ಆಳೆತ್ತರದ ಮೂರ್ತಿಗಳಲ್ಲಿ ತೋರಿಸಲಾಗಿದೆ. ಕನ್ನಡದ ‘ಆಯಗಾರ’ರೇ ಮರಾಠಿಯ ‘ಬಲುತೇದಾರ’ರು, ಸುಗ್ಗಿಯಲ್ಲಿ ಕಣದಿಂದ ಸಲ್ಲುತ್ತಿದ್ದ ಧಾನ್ಯದ ಪಾಲೇ ಅವರ ವೇತನ.

ಈ ವಸ್ತುಗಳಲ್ಲಿ ಆರೋಗ್ಯದ ಪಾಠವೂ ಅಡಗಿದೆ. ಒನಕೆಯಿಂದ ಕುಟ್ಟಿದ ಅಕ್ಕಿಯಲ್ಲಿ ತೌಡಿನ ಅಂಶವು ಸ್ವಲ್ಪಮಟ್ಟಿಗೆ ಉಳಿಯುತ್ತಿತ್ತು. ಅದರೊಡನೆ ಬಿ–1 ಜೀವಸತ್ವವೂ ಉಳಿಯುತ್ತಿತ್ತು. ನುಣುಪು ಮಾಡಿದ ಬಿಳಿಯ ಅಕ್ಕಿಯನ್ನೇ ಮುಖ್ಯವಾಗಿ ಉಣ್ಣುವವರಲ್ಲಿ ಬೆರಿಬೆರಿ ರೋಗ ತಲೆದೋರುವುದಕ್ಕೆ ಈ ಸತ್ವದ ಕೊರತೆಯೇ ಕಾರಣವೆಂಬುದು ವೈದ್ಯಶಾಸ್ತ್ರದ ನಿರ್ಣಯ. ಹಾಗೆಂದು ಹಳೆಯ ಬಾಳೆಲ್ಲವೂ ಹೊನ್ನಾಗಿತ್ತೆಂದು ಭಾವಿಸಲಾಗದು. ಕೋಳಿ ಕೂಗುವ ಮುನ್ನ ಬೀಸುವ ಕಲ್ಲಿನ ಮುಂದೆ ಕುಳಿತು, ಸೌದೆಯ ಹೊಗೆಯಲ್ಲಿ ಕಣ್ಣು–ಶ್ವಾಸಕೋಶಗಳನ್ನು ಸವೆಸಿದವಳು ಹೆಂಗಸೇ. ಹೊಗೆ ಹಿಡಿದ ಅಡುಗೆಮನೆಯನ್ನು ಕಂಡಾಗ ಆಕೆಯ ದಣಿವೂ ನೆನಪಾಗಬೇಕು.

ಸಂಗ್ರಹಾಲಯವು ವಸ್ತುವನ್ನು ಕಾಪಾಡಬಲ್ಲುದು. ಅದನ್ನು ಬಳಸುವ ಬಗೆಯನ್ನೂ ಅದರ ಹೆಸರನ್ನೂ ಬಳಸಿದವರೇ ಹೇಳಬೇಕು. ಸೇರು, ಪಾವು, ಕೊಳಗಗಳು 1956ರ ಅಳತೆ–ತೂಕಗಳ ಕಾಯಿದೆಯ ತರುವಾಯ ಅಂಗಡಿಗಳಿಂದ ಕ್ರಮೇಣ ಮರೆಯಾದವು. ಅವುಗಳಲ್ಲಿ ಅಳೆದ ಕೈಗಳು ಈಗ ವಿರಳ. ಒಂದೇ ವಸ್ತುವಿಗೆ ಒಂದು ಸೀಮೆಯಲ್ಲಿ ‘ಮೊರ’ವೆಂದೂ ಮತ್ತೊಂದರಲ್ಲಿ ‘ಗೆರಸಿ’ಯೆಂದೂ ಹೆಸರು. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿದ ಕುಟುಂಬಗಳ ಮಕ್ಕಳಿಗೆ ಗಿರಣಿಯ ಹಿಟ್ಟು, ಮಿಕ್ಸರಿನ ಚಟ್ನಿ ಮಾತ್ರ ಪರಿಚಿತ. ಪಕ್ಕದ ಮನೆಯ ಆಗ್ರಿ ಅಜ್ಜಿಯ ‘ಜಾತೆ’ಯೂ ತಮ್ಮ ಅಜ್ಜಿಯ ‘ಬೀಸುವ ಕಲ್ಲೂ’ ಒಂದೇ ಎಂಬುದು, ಅಲ್ಲಿ ‘ಓವಿ’ ಹಾಡಿದಂತೆಯೇ ಇಲ್ಲಿ ಬೀಸುವ ಪದ ಹಾಡುತ್ತಿದ್ದರೆಂಬುದು ಆ ಮಕ್ಕಳಿಗೆ ತಿಳಿಯಬೇಡವೇ?

ಆದುದರಿಂದ ಬೇಸಗೆಯ ರಜೆಯಲ್ಲಿ ಊರಿಗೆ ಹೊರಟ ಕುಟುಂಬಗಳು ಇಂತಹ ಒಂದು ಸಂಗ್ರಹಾಲಯಕ್ಕೆ ಅರ್ಧ ದಿನವನ್ನಾದರೂ ಮೀಸಲಿಡುವುದು ಒಳಿತು. ಮಕ್ಕಳೊಡನೆ ಮನೆಯ ಹಿರಿಯರೂ ಇರಲಿ. ಪ್ರತಿಯೊಂದು ವಸ್ತುವಿನ ಮುಂದೆ ಅವರೇ ಮಾತನಾಡಲಿ. ಮಕ್ಕಳು ಆ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಲಿ. ಪ್ರಯಾಣ ಮಾಡಲಾಗದ ಅಜ್ಜ–ಅಜ್ಜಿಯರ ಬಳಿ ಮನೆಯಲ್ಲಿಯೇ ಕುಳಿತು ಕೇಳಿ ಬರೆದುಕೊಂಡರೂ ಸಾಕು. ಒರಳನ್ನು ಮುಂದಿನ ವರ್ಷವೂ ನೋಡಬಹುದು. ಅದರಲ್ಲಿ ರುಬ್ಬಿದವರನ್ನು ಕೇಳುವ ಕೆಲಸ ಮಾತ್ರ ಈ ವರ್ಷವೇ ಆಗಬೇಕು.