ಅವ್ವನ ಬೆರಳಿಗೆ ತಾಗದ ಶಾಯಿ

2021ರ ಮೇ ತಿಂಗಳು. ಅವ್ವನನ್ನು ಕಾರಿನಲ್ಲಿ ಕೂರಿಸಿಕೊಂಡು ಡೊಂಬಿವಲಿಯಿಂದ ಠಾಣೆಯ ವಿವಿಯಾನಾ ಮಾಲ್‌ಗೆ ಹೋಗಿದ್ದೆ. ಅಲ್ಲಿನ ಪಾರ್ಕಿಂಗ್‌ನಲ್ಲಿ ಹಿರಿಯರಿಗೆ ಕಾರಿನಲ್ಲೇ ಕೋವಿಡ್ ಲಸಿಕೆ ಕೊಡುತ್ತಿದ್ದರು. ಗಾಜು ಇಳಿಸಿದೆ, ನರ್ಸ್ ಬಂದು ಚುಚ್ಚಿದರು, ಅಷ್ಟೇ. ಮಂಡಿನೋವಿನ ಅವ್ವ ಸೀಟಿನಿಂದ ಏಳಲೇ ಇಲ್ಲ. ವಾಪಸ್ ಬರುವಾಗ ಕೇಳಿದಳು: ‘ಸೂಜಿ ಕಾರಿನ್ಯಾಗ ಹಾಕ್ತಾರಂದ್ರ, ಓಟು ಯಾಕ ಹಾಕಿಸ್ಕೋಬಾರ್ದು?’

ಅವ್ವನಿಗೆ ತಿಳಿಯದ ಸಂಗತಿಯೆಂದರೆ, ಆರು ತಿಂಗಳ ಹಿಂದೆ ಅಮೆರಿಕದಲ್ಲಿ ಜನ ಹಾಗೆಯೇ ಓಟು ಹಾಕಿದ್ದರು. ಅದು ಕೋರ್ಟಿನ ಮೆಟ್ಟಿಲನ್ನೂ ಹತ್ತಿತ್ತು.

ಅದು ನನಗೆ ಗೊತ್ತಾದದ್ದು ಕೆಲಸದ ಕಾರಣಕ್ಕೆ. ಐರೋಲಿಯ ನಮ್ಮ ಕಚೇರಿ ಆಗ ಮನೆಗೆ ಬಂದಿತ್ತು. ಲೋಕಲ್ ರೈಲು ನಮ್ಮಂಥ ಖಾಸಗಿ ನೌಕರರಿಗೆ ಇನ್ನೂ ತೆರೆದಿರಲಿಲ್ಲ. ರಾತ್ರಿ ಪಾಳಿಯಲ್ಲಿ ಹ್ಯೂಸ್ಟನ್ ತಂಡದ ಜೊತೆ ಕೆಲಸ. ಆ ತಂಡದಲ್ಲಿದ್ದ ಶಿವಮೊಗ್ಗದ ಗೆಳೆಯ, ಈಗ ಅಮೆರಿಕದ ಪ್ರಜೆ, ಒಂದು ರಾತ್ರಿ ಹೇಳಿದ: ‘ಓಟು ಹಾಕಿ ಬಂದೆ ಮಾರಾಯ, ಎಣಿಸ್ತಾರೋ ಇಲ್ವೋ ಗೊತ್ತಿಲ್ಲ.’

ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯಲ್ಲಿ 2020ರ ಅಧ್ಯಕ್ಷೀಯ ಚುನಾವಣೆಯ ಮುಂಗಡ ಮತದಾನಕ್ಕೆ ಹತ್ತು ಕಡೆ ಟೆಂಟ್ ಹಾಕಿ, ಕಾರಿನಲ್ಲೇ ಮತ ಹಾಕುವ ವ್ಯವಸ್ಥೆ ಮಾಡಿದ್ದರು. ಕಾಯಿಲೆಯವರು, ನಡೆಯಲಾಗದವರು ಮತಗಟ್ಟೆಯ ಹೊರಗೆ ವಾಹನದಲ್ಲೇ ಕುಳಿತು ಮತ ಹಾಕಲು ಟೆಕ್ಸಾಸ್ ಕಾನೂನಿನಲ್ಲಿ ಮೊದಲೇ ಅವಕಾಶವಿತ್ತು. ಅದನ್ನು ಎಲ್ಲರಿಗೂ ಹಂಚಿದ್ದು ಕಾನೂನುಬಾಹಿರ ಎಂಬುದು ರಿಪಬ್ಲಿಕನ್ ಅರ್ಜಿದಾರರ ವಾದ. ಟೆಂಟೇ ಒಂದು ಮತಗಟ್ಟೆ, ಜನ ಅದರೊಳಗೆ ಕಾರಿನಲ್ಲಿ ಬರುತ್ತಾರೆ ಅಷ್ಟೇ ಎಂಬುದು ಕೌಂಟಿಯ ವಾದ. ತೀರ್ಪಿಗೆ ಕಾದು ಕುಳಿತಿದ್ದವು ಸುಮಾರು 1,27,000 ಮತಗಳು. ಹಾಕಿದವರ ತಪ್ಪೇನೂ ಇರಲಿಲ್ಲ. ಅಧಿಕಾರಿಗಳು ‘ಇಲ್ಲಿ ಬನ್ನಿ’ ಎಂದಿದ್ದರು, ಅವರು ಹೋಗಿದ್ದರು.

ನವೆಂಬರ್ 1ರಂದು ಟೆಕ್ಸಾಸ್ ಸುಪ್ರೀಂ ಕೋರ್ಟ್ ಅರ್ಜಿ ತಳ್ಳಿಹಾಕಿತು. ಮರುದಿನ ಫೆಡರಲ್ ನ್ಯಾಯಾಧೀಶ ಆಂಡ್ರೂ ಹ್ಯಾನೆನ್, ಅರ್ಜಿದಾರರಿಗೆ ದಾವೆ ಹೂಡುವ ಹಕ್ಕೇ ಇಲ್ಲ ಎಂದರು. ಆದರೆ ಮತದಾನದ ದಿನ ಟೆಂಟ್ ಕಾನೂನಿಗೆ ಹೊಂದುವುದು ಅನುಮಾನ ಎಂಬ ಸುಳಿವನ್ನೂ ಕೊಟ್ಟರು. ಹಾಕಿದ ಮತ ಅಪಾಯಕ್ಕೆ ಸಿಲುಕಬಾರದೆಂದು ಕೌಂಟಿ ಆ ದಿನ ಹತ್ತರಲ್ಲಿ ಒಂಬತ್ತು ಕೇಂದ್ರ ಮುಚ್ಚಿತು. ಗೆಳೆಯನ ಓಟು ಉಳಿಯಿತು. 2021ರಲ್ಲಿ ಟೆಕ್ಸಾಸ್ ಹೊಸ ಕಾನೂನು ತಂದು ಈ ವ್ಯವಸ್ಥೆಯನ್ನೇ ನಿಷೇಧಿಸಿತು.

ಇದನ್ನೆಲ್ಲ ಹೇಳಿದ ಮೇಲೆ ಅವ್ವ ಅಂದದ್ದು ಒಂದೇ ಮಾತು: ‘ಅವ್ರು ಹಾಕಿದ ಮ್ಯಾಲಾದ್ರೂ ಜಗಳಾಡಿದ್ರು.’

ಮಾತು ನಿಜವಾಗಿತ್ತು. ಅಪ್ಪ ತೀರಿಕೊಂಡ ಮೇಲೆ 2019ರ ಕೊನೆಗೆ ಅವ್ವ ಧಾರವಾಡದ ಹತ್ತಿರದ ನಮ್ಮ ಊರು ಬಿಟ್ಟು ಬಂದಿದ್ದಳು. ಬಂದ ಕೂಡಲೇ ಮತದಾರರ ಪಟ್ಟಿಯಲ್ಲಿ ಹೆಸರು ಇಲ್ಲಿಗೆ ವರ್ಗ ಮಾಡಿಸಿದ್ದೆ. ಮಹಾನಗರಪಾಲಿಕೆ ಚುನಾವಣೆ ಹತ್ತಿರವಿತ್ತಲ್ಲ! ನವಿ ಮುಂಬೈಯದ್ದು 2020ರ ಏಪ್ರಿಲ್‌ನಲ್ಲಿ ಆಗಬೇಕಿತ್ತು, ಮಾರ್ಚ್‌ನಲ್ಲಿ ಮುಂದೂಡಿದರು. ನಮ್ಮ ಕಲ್ಯಾಣ–ಡೊಂಬಿವಲಿ ಪಾಲಿಕೆಯ ಅವಧಿ ಅದೇ ನವೆಂಬರ್‌ಗೆ ಮುಗಿಯಿತು. ಠಾಣೆಯದ್ದು 2022ರ ಮಾರ್ಚ್‌ನಲ್ಲಿ. ಮೂರೂ ಕಡೆ ಆಡಳಿತಾಧಿಕಾರಿ ಬಂದರು, ನಗರಸೇವಕರು ಮಾಜಿಗಳಾದರು.

ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎನ್ನುತ್ತದೆ ಸಂವಿಧಾನದ 243ಯು ವಿಧಿ. ಮೊದಲು ಅಡ್ಡ ಬಂದದ್ದು ಕೋವಿಡ್, ಅದು ಎಲ್ಲರಿಗೂ ಅರ್ಥವಾಗುವ ಕಾರಣ. ಕೋವಿಡ್ ಇಳಿಯುವಷ್ಟರಲ್ಲಿ ಒಬಿಸಿ ಮೀಸಲಾತಿಯ ವ್ಯಾಜ್ಯ, ವಾರ್ಡ್ ಮರುವಿಂಗಡಣೆಯ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿದ್ದವು. ಪ್ರಶ್ನೆಗಳು ಸಣ್ಣವಲ್ಲ. ಆದರೆ ಉತ್ತರ ಸಿಗುವವರೆಗೆ ನಮ್ಮ ಬೀದಿಯ ಚರಂಡಿ ತುಂಬಿದರೆ ಯಾರ ಮನೆ ಬಾಗಿಲು ಬಡಿಯಬೇಕು?

ಅದೇ ಹೊತ್ತಿಗೆ ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಯೂ ಮುಂದಕ್ಕೆ ಹೋಗಿ, ಹೈಕೋರ್ಟ್ ಗದರಿದ ಮೇಲೆ 2020ರ ಡಿಸೆಂಬರ್ 22 ಮತ್ತು 27ರಂದು ನಡೆದಿತ್ತು. ಮಾಸ್ಕ್ ಹಾಕಿಕೊಂಡು 5,700ಕ್ಕೂ ಹೆಚ್ಚು ಪಂಚಾಯಿತಿಗಳು ಮತ ಹಾಕಿದವು. ನಮ್ಮೂರೂ ಅದರಲ್ಲಿತ್ತು. ಫೋನಿನಲ್ಲಿ ಸುದ್ದಿ ಕೇಳಿ ಅವ್ವ, ‘ಊರಾಗ ಇದ್ದಿದ್ರ ನಾನೂ ಹಾಕ್ತಿದ್ನಲ್ಲೋ’ ಎಂದಳು. ಹೆಸರು ತೆಗೆಸಿ ತಂದವನು ನಾನು. ಏನೂ ಹೇಳಲಾಗಲಿಲ್ಲ.

ತವರಿನ ನಗರವನ್ನು ನೋಡಿದರೂ ಸಮಾಧಾನವಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಅವಧಿ ಮುಗಿಯಿತು. ಆರು ವಾರದಲ್ಲಿ ಚುನಾವಣೆ ನಡೆಸಿ ಎಂದ ಹೈಕೋರ್ಟ್ ಆದೇಶಕ್ಕೆ ಅದೇ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಮತ್ತೆ ಚುನಾವಣೆ ಕಾಣದೆಯೇ 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು.

ಹ್ಯೂಸ್ಟನ್‌ನ ಜಗಳದಿಂದ ನಾನು ಕಲಿತದ್ದಿಷ್ಟು. ಓಟು ಹೇಗೆ ಹಾಕಬೇಕೆಂಬ ತಕರಾರಿಗೆ ಗಡುವಿರುತ್ತದೆ, ಯಾಕೆಂದರೆ ಮತದಾನದ ದಿನ ಬದಲಾಗುವುದಿಲ್ಲ. ಅದಕ್ಕೇ ಅಲ್ಲಿನ ಕೋರ್ಟುಗಳು ಎರಡು ದಿನದಲ್ಲಿ ಉತ್ತರ ಕೊಟ್ಟವು. ಇಲ್ಲಿ ದಿನವನ್ನೇ ಜರುಗಿಸಬಹುದು, ಹಾಗಾಗಿ ಯಾರಿಗೂ ಅವಸರವಿಲ್ಲ. ಎಣಿಸದೆ ಬಿಟ್ಟ ಓಟಿಗೆ ಕೋರ್ಟಿನಲ್ಲಿ ಲೆಕ್ಕವಾದರೂ ಇರುತ್ತದೆ. ಹಾಕಲು ಬಿಡದ ಓಟಿಗೆ ಅದೂ ಇಲ್ಲ.

2025ರ ಮೇ 6ರಂದು ಸುಪ್ರೀಂ ಕೋರ್ಟ್ ಮಹಾರಾಷ್ಟ್ರದ ಸ್ಥಳೀಯ ಚುನಾವಣೆಗಳನ್ನು ನಾಲ್ಕು ತಿಂಗಳಲ್ಲಿ ಮುಗಿಸಲು ಹೇಳಿತು, ಆಮೇಲೆ 2026ರ ಜನವರಿ 31ರವರೆಗೆ ಕಾಲಾವಕಾಶ ಕೊಟ್ಟಿತು. ಜನವರಿ 15ರಂದು ಮೂರೂ ನಗರಗಳು ಮತ ಹಾಕಿದವು. ನಾನೂ ಬೆಳಿಗ್ಗೆಯೇ ಹೋಗಿ ಸಾಲಿನಲ್ಲಿ ನಿಂತೆ.

ಮತಗಟ್ಟೆಯ ಪಟ್ಟಿಯಲ್ಲಿ ನನ್ನ ಹೆಸರಿನ ಹತ್ತಿರವೇ ಅವ್ವನ ಹೆಸರಿತ್ತು, ಫೋಟೊ ಸಮೇತ. ಅವಳು 2023ರಲ್ಲೇ ಹೋದಳು. ಡೊಂಬಿವಲಿಯ ಮತದಾರಳಾಗಿದ್ದ ಆ ಮೂರು ವರ್ಷಗಳಲ್ಲಿ ಒಂದೇ ಒಂದು ಚುನಾವಣೆಯೂ ಇಲ್ಲಿ ನಡೆಯಲಿಲ್ಲ. ಹೆಸರು ತೆಗೆಸುವ ಫಾರ್ಮ್ 7 ಕೊಡಲು ನಾನೇ ಮನಸ್ಸು ಮಾಡಿರಲಿಲ್ಲ.

‘ಇವರು ಬಂದಿದ್ದಾರಾ?’ ಸಿಬ್ಬಂದಿ ಮರಾಠಿಯಲ್ಲಿ ಕೇಳಿದರು. ಇಲ್ಲ ಎಂದೆ. ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಮನೆಗೆ ಬಂದು, ಮೊದಲು ಆ ಫಾರ್ಮ್ ತುಂಬಿದೆ.