ಗಾಜಿನ ಕಡಲಿಗೆ ಇಳಿಯಬೇಕೆ?

ಫ್ಲಾರಿಡಾದ ನಡುಭಾಗದಲ್ಲಿ, ಎರಡೂ ಕರಾವಳಿಗಳಿಂದ ದೂರದಲ್ಲಿ, ಮನುಷ್ಯರು ಕಟ್ಟಿದ ಕಡಲೊಂದಿದೆ. ಒರ್ಲ್ಯಾಂಡೊ ಬಳಿಯ ಡಿಸ್ನಿ ಎಪ್ಕಾಟ್ ಪಾರ್ಕಿನಲ್ಲಿ 1986ರ ಜನವರಿಯಲ್ಲಿ ತೆರೆದ ಈ ಅಕ್ವೇರಿಯಂ 203 ಅಡಿ ಅಗಲ, 27 ಅಡಿ ಆಳ. ಅದರಲ್ಲಿ 57 ಲಕ್ಷ ಗ್ಯಾಲನ್ ನೀರಿದೆ, ಅಂದರೆ ಎರಡು ಕೋಟಿ ಲೀಟರಿಗೂ ಹೆಚ್ಚು. ನೀರಿಗೆ ಉಪ್ಪು ಬೆರೆಸಿ ಸಮುದ್ರದ ಹದಕ್ಕೆ ತಂದಿದ್ದಾರೆ. ಶಾರ್ಕ್, ತೊರಕೆ, ಕಡಲಾಮೆ, ಗ್ರೂಪರ್ ಎಲ್ಲವೂ ಅಲ್ಲಿವೆ. ಪಾರ್ಕಿಗೆ ಬಂದವರು ಇವನ್ನು ಗಾಜಿನಾಚೆಯಿಂದ ನೋಡುತ್ತಾರೆ. ಸ್ಕೂಬಾ ಲೈಸೆನ್ಸ್ ಇರುವವರಿಗೆ ಒಳಗಿಳಿಯುವ ಅವಕಾಶವೂ ಇತ್ತು. ಅದರ ಹೆಸರು ‘ಡೈವ್‌ಕ್ವೆಸ್ಟ್’. ನೀರಿನೊಳಗೆ ಸುಮಾರು ನಲವತ್ತು ನಿಮಿಷ. ಸಿಲಿಂಡರ್, ವೆಟ್‌ಸೂಟ್, ಫಿನ್ಸ್ ಎಲ್ಲವನ್ನೂ ಅವರೇ ಕೊಡುತ್ತಿದ್ದರು. ಕೋವಿಡ್‌ಗೆ ಮುಂಚೆ ಇದಕ್ಕೆ ಸುಮಾರು 180 ಡಾಲರ್ ಆಗುತ್ತಿತ್ತು. 2020ರಲ್ಲಿ ಪಾರ್ಕ್ ಮುಚ್ಚಿದಾಗ ಇದೂ ನಿಂತಿತು. ಇಂಥ ಕಾರ್ಯಕ್ರಮಗಳು ನಿಲ್ಲುವುದು, ಮತ್ತೆ ಶುರುವಾಗುವುದು, ದರ ಬದಲಾಗುವುದು ಮಾಮೂಲು. ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದ ಅಪ್ಪ ಅಮ್ಮಂದಿರು, ರಜೆಗೆಂದು ಅಟ್ಲಾಂಟದಿಂದಲೋ ಡಲ್ಲಾಸ್‌ನಿಂದಲೋ ಹೊರಟ ಕನ್ನಡದ ಕುಟುಂಬಗಳು ಒರ್ಲ್ಯಾಂಡೊ ನೋಡದೆ ಬರುವುದು ಕಡಿಮೆ. ಅಂಥ ಮನೆಯಲ್ಲಿ ಒಬ್ಬರು ಡೈವಿಂಗ್ ಕಲಿತಿದ್ದರೆ ಈ ಪ್ರಶ್ನೆ ಏಳುತ್ತದೆ: ರೂಪಾಯಿ ಲೆಕ್ಕದಲ್ಲಿ ಹದಿನೈದು ಸಾವಿರ ಕೊಟ್ಟು ತೊಟ್ಟಿಯೊಳಗೆ ಇಳಿಯುವುದೇ? ಅಷ್ಟರಲ್ಲಿ ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಯ ನಿಜವಾದ ಅರಬ್ಬಿ ಸಮುದ್ರಕ್ಕೇ ಇಳಿಯಬಹುದಲ್ಲ?

ನನ್ನ ಉತ್ತರ, ಇಳಿಯಬಹುದು ಎಂಬುದೇ. ಆದರೆ ಸಮುದ್ರವನ್ನು ಒಮ್ಮೆ ಕಂಡ ಮೇಲೆ.

ತೊಟ್ಟಿಯ ದೊಡ್ಡ ಗುಣ ಅದರ ಖಾತ್ರಿ. ನೇತ್ರಾಣಿಗೆ ಹೋದವರಿಗೆ ಗೊತ್ತು, ಕಡಲು ಒಂದು ದಿನ ಇದ್ದಂತೆ ಮರುದಿನ ಇರುವುದಿಲ್ಲ. ಒಮ್ಮೆ ತಳದ ಬಂಡೆ ಮೇಲಿನಿಂದಲೇ ಕಾಣುತ್ತದೆ, ಇನ್ನೊಮ್ಮೆ ಜೊತೆಗಾರನ ಫಿನ್ಸ್ ಬಿಟ್ಟರೆ ಬೇರೇನೂ ಕಾಣದು. ಗಾಳಿ ಎದ್ದರೆ ದೋಣಿ ಹೊರಡುವುದೇ ಇಲ್ಲ. ಮಳೆಗಾಲದ ತಿಂಗಳುಗಳಲ್ಲಂತೂ ಡೈವಿಂಗ್ ಪೂರ್ತಿ ಬಂದ್. ಎಪ್ಕಾಟಿನ ತೊಟ್ಟಿಯಲ್ಲಿ ಸೆಳೆತವಿಲ್ಲ, ಅಲೆಯಿಲ್ಲ, ಕೆಸರಿಲ್ಲ. ಶಾರ್ಕ್ ಸಿಕ್ಕೇ ಸಿಗುತ್ತದೆ. ಹೊಸದಾಗಿ ಕಲಿತವರಿಗೆ ಇದು ಬಹಳ ದೊಡ್ಡ ಅನುಕೂಲ. ಡೈವಿಂಗ್‌ನಲ್ಲಿ ಕಷ್ಟದ ವಿದ್ಯೆ ಉಸಿರಾಡುವುದಲ್ಲ, ಮೇಲೇಳದೆ ಕೆಳಗಿಳಿಯದೆ ಒಂದೇ ಮಟ್ಟದಲ್ಲಿ ನಿಲ್ಲುವುದು. ಸಮುದ್ರದಲ್ಲಿ ಸೆಳೆತದ ಜೊತೆ ಗುದ್ದಾಡುತ್ತ ಅದನ್ನು ರೂಢಿಸಿಕೊಳ್ಳಬೇಕು. ನಿಂತ ನೀರಿನಲ್ಲಿ ಉಸಿರನ್ನು ಸ್ವಲ್ಪ ಹೆಚ್ಚು ಎಳೆದರೆ ಮೈ ಹೇಗೆ ಏಳುತ್ತದೆ, ಬಿಟ್ಟರೆ ಹೇಗೆ ಇಳಿಯುತ್ತದೆ ಎಂಬುದು ಸ್ಪಷ್ಟವಾಗಿ ಅರಿವಿಗೆ ಬರುತ್ತದೆ.

ಅದೇ ವಿದ್ಯೆಯಲ್ಲಿ ಪಳಗಿದ ಪ್ರಾಣಿಯೊಂದು ಅಲ್ಲಿ ಪಕ್ಕದಲ್ಲೇ ತೇಲುತ್ತಿರುತ್ತದೆ. ಅದು ಸ್ಯಾಂಡ್ ಟೈಗರ್ ಶಾರ್ಕ್. ಬಾಯಿ ಮುಚ್ಚಿದ್ದರೂ ಹೊರಚಾಚಿದ ಮೊನಚು ಹಲ್ಲುಗಳಿಂದಾಗಿ ನೋಡಲು ಭಯಂಕರ, ಸ್ವಭಾವದಲ್ಲಿ ಸಾಧು. ಬೇರೆ ಮೀನುಗಳಿಗಿರುವ ಗಾಳಿಚೀಲ ಶಾರ್ಕ್‌ಗಳಿಗಿಲ್ಲ. ಹಾಗಾಗಿ ಇದು ನೀರಿನ ಮೇಲ್ಮೈಗೆ ಬಂದು ಗಾಳಿ ನುಂಗಿ, ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡು, ಕದಲದಂತೆ ತೇಲಬಲ್ಲದು. ಕಡಲಿನಲ್ಲಿ ಇದನ್ನು ಹತ್ತಿರದಿಂದ, ನಿಧಾನವಾಗಿ ನೋಡುವ ಯೋಗ ಎಲ್ಲರಿಗೂ ಸಿಗುವುದಿಲ್ಲ. ತೊಟ್ಟಿಯಲ್ಲಿ ನಲವತ್ತು ನಿಮಿಷವನ್ನೂ ಅದೊಂದರ ಮೇಲೆಯೇ ಕಳೆಯಬಹುದು. ಹೋಗುವವರು ಹಾಗೆ ಒಂದೇ ಪ್ರಾಣಿಯನ್ನು ಆರಿಸಿಕೊಂಡು ಅದರ ಹಿಂದೆಯೇ ಕಣ್ಣಿಡಲಿ. ಕ್ಯಾಮೆರಾ ಹಿಡಿದು ಎಲ್ಲದರ ಬೆನ್ನು ಹತ್ತಿದರೆ ಏನೂ ದಕ್ಕುವುದಿಲ್ಲ.

ಇನ್ನೊಂದು ಲಾಭ ಗಾಜಿನ ಹೊರಗಿದೆ. ಡೈವಿಂಗ್ ಹುಚ್ಚು ಮನೆಯಲ್ಲಿ ಒಬ್ಬರಿಗೆ ಹಿಡಿದರೆ ಉಳಿದವರೆಲ್ಲ ದಡದಲ್ಲೋ ದೋಣಿಯಲ್ಲೋ ವಾಂತಿ ತಡೆದುಕೊಂಡು ಕಾಯಬೇಕು. ಅವರು ಕೆಳಗೆ ಏನು ಕಂಡರೆಂದು ಇವರಿಗೆ ಎಂದೂ ಗೊತ್ತಾಗುವುದಿಲ್ಲ. ಇಲ್ಲಿ ಅಜ್ಜಿ, ಮೊಮ್ಮಗಳು, ನೀರೆಂದರೆ ಹೆದರುವ ಗಂಡ ಎಲ್ಲರೂ ಗಾಜಿನ ಈಚೆ ನಿಂತು ಒಳಗಿರುವವಳಿಗೆ ಕೈ ಬೀಸಬಹುದು. ಸಮುದ್ರ ಇದನ್ನು ಯಾರಿಗೂ ಕೊಡಲಾರದು.

ಇಷ್ಟಾದರೂ ಅಲ್ಲಿ ಇಲ್ಲದ್ದು ಬಹಳ. ಆ ತೊಟ್ಟಿಯ ಹವಳ ಹವಳವಲ್ಲ, ಅಚ್ಚು ಹಾಕಿ ಬಣ್ಣ ಬಳಿದದ್ದು. ಜೀವಂತ ಹವಳವೆಂದರೆ ಸಾವಿರಾರು ಪುಟ್ಟ ಪ್ರಾಣಿಗಳ ಒಕ್ಕಲು. ಅದರ ಸಂದಿಯಲ್ಲಿ ಸಿಗಡಿ, ಏಡಿ, ಹುಳು. ಅದನ್ನು ಕೆರೆದು ತಿನ್ನುವ ಗಿಳಿಮೀನು. ದೊಡ್ಡ ಮೀನಿನ ಬಾಯಿಗೇ ನುಗ್ಗಿ ಹಲ್ಲು ತಿಕ್ಕುವ ಪುಟಾಣಿ ಮೀನು. ಬಂಡೆಗಂಟಿಸಿದ ಮೊಟ್ಟೆ ಕಾಯುತ್ತ, ತನಗಿಂತ ನೂರು ಪಟ್ಟು ದೊಡ್ಡ ಮನುಷ್ಯನ ಮುಖಕ್ಕೇ ಹಾಯುವ ಡ್ಯಾಮ್ಸೆಲ್ ಮೀನು. ಕಡಲಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ್ದು ಯಾವುದೂ ಇಲ್ಲ. ತೊಟ್ಟಿಯ ಪ್ರಾಣಿಗಳ ಊಟ ಹೊತ್ತಿಗೆ ಸರಿಯಾಗಿ ಮನುಷ್ಯರ ಕೈಯಿಂದ ಬರುತ್ತದೆ. ಹೀಗಾಗಿ ಅವುಗಳ ನಡುವಿನ ಆ ಹಳೆಯ ಲೇವಾದೇವಿ ತೀರಾ ಕಡಿಮೆ. ಮೊದಲ ಡೈವ್ ತೊಟ್ಟಿಯಲ್ಲೇ ಮಾಡಿದವರಿಗೆ ಈ ಕೊರತೆ ಗೊತ್ತೇ ಆಗುವುದಿಲ್ಲ. ಸಮುದ್ರ ಎಂದರೆ ದೊಡ್ಡ ಪ್ರಾಣಿಗಳ ಮೆರವಣಿಗೆ ಎಂದುಕೊಂಡು ಬಿಡುತ್ತಾರೆ. ಮೊದಲು ಸಮುದ್ರ, ಆಮೇಲೆ ತೊಟ್ಟಿ ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಫ್ಲಾರಿಡಾದಲ್ಲೇ ನಿಜವಾದ ಹವಳವಿದೆ, ಅಥವಾ ಇತ್ತು. ಒರ್ಲ್ಯಾಂಡೊದಿಂದ ಕಾರಿನಲ್ಲಿ ಐದು ತಾಸು ದಕ್ಷಿಣಕ್ಕೆ ಹೋದರೆ ಕೀ ಲಾರ್ಗೊ. ಅಲ್ಲಿನ ಜಾನ್ ಪೆನ್ನೆಕ್ಯಾಂಪ್ ಉದ್ಯಾನ ಅಮೆರಿಕದ ಮೊದಲ ಸಮುದ್ರದಡಿಯ ಪಾರ್ಕ್, 1963ರಲ್ಲಿ ತೆರೆಯಿತು. ಅಲ್ಲಿನ ಕಡಲ ತಳದಲ್ಲಿ 1965ರಲ್ಲಿ ನಿಲ್ಲಿಸಿದ ಯೇಸುವಿನ ಕಂಚಿನ ಮೂರ್ತಿ ಕೈಯೆತ್ತಿ ನಿಂತಿದೆ. ಹೆಚ್ಚುಕಡಿಮೆ ಎಪ್ಕಾಟ್ ತೊಟ್ಟಿಯ ಆಳವೇ. ಆದರೆ 2014ರಲ್ಲಿ ಮಯಾಮಿ ಬಳಿ ಕಾಣಿಸಿಕೊಂಡ ರೋಗವೊಂದು ಗಟ್ಟಿ ಹವಳಗಳ ಮೈಯನ್ನು ಕರಗಿಸುತ್ತ ಇಡೀ ಸಾಲಿಗೆ ಹಬ್ಬಿತು. 2023ರ ಬೇಸಿಗೆಯಲ್ಲಿ ನೀರು ಕಾದು, ಮ್ಯಾನಟೀ ಬೇ ಎಂಬ ಆಳವಿಲ್ಲದ ಕೊಲ್ಲಿಯಲ್ಲಿ 38 ಡಿಗ್ರಿ ಸೆಲ್ಸಿಯಸ್ ದಾಟಿದ್ದು ದಾಖಲಾಯಿತು. ಅದು ನಮ್ಮ ಸ್ನಾನದ ನೀರಿನ ಬಿಸಿ. ಆ ತಿಂಗಳುಗಳಲ್ಲಿ ಬಿಳಿಚಿ ಸತ್ತ ಕವಲುಕೊಂಬಿನ ಹವಳಗಳ ಎರಡು ಜಾತಿಗಳು, ಅಲ್ಲಿ ಹವಳದ ದಿಬ್ಬ ಕಟ್ಟುವ ತಮ್ಮ ಕೆಲಸ ಮಾಡಲಾರದಷ್ಟು ಅಳಿದಿವೆ ಎಂದು ವಿಜ್ಞಾನಿಗಳು 2025ರಲ್ಲಿ ಹೇಳಿದರು.

ಆಗ ತೊಟ್ಟಿಯ ಬಣ್ಣದ ಹವಳವನ್ನು ನೋಡುವ ಕಣ್ಣು ಬದಲಾಗುತ್ತದೆ. 1980ರ ದಶಕದಲ್ಲಿ ಅಚ್ಚು ಹಾಕಿದ ಆ ನಕಲು ಹಾಗೇ ಉಳಿದಿದೆ, ಅಸಲು ಹೋಗುತ್ತಿದೆ. ನನಗೆ ಇದು ತುಂಬ ನೋವಿನ ಸಂಗತಿ. ಅದೇ ಹೊತ್ತಿಗೆ ರೋಗ ತಗಲದ ಹವಳಗಳನ್ನು ಕಡಲಿನಿಂದ ಎತ್ತಿ ತಂದು ಸಾಕುವ ಕೆಲಸಕ್ಕೆ ಅಮೆರಿಕದ ಅಕ್ವೇರಿಯಂಗಳೇ ಕೈಹಾಕಿವೆ. ಒರ್ಲ್ಯಾಂಡೊದಲ್ಲೇ 2020ರಲ್ಲಿ ಅದಕ್ಕೆಂದು ಒಂದು ಕೇಂದ್ರ ಶುರುವಾಯಿತು. ಸೀವರ್ಲ್ಡ್ ಅದನ್ನು ನೋಡಿಕೊಳ್ಳುತ್ತದೆ, ಡಿಸ್ನಿಯ ಸಂರಕ್ಷಣಾ ನಿಧಿ ಹಣ ಕೊಟ್ಟಿದೆ. ಟಿಕೆಟ್ ಮಾರುವವರ ಬಳಿಯೇ ಆ ಕಸುಬು, ಆ ತೊಟ್ಟಿ, ಆ ಜನ ಇದ್ದದ್ದರಿಂದ ಇದು ಸಾಧ್ಯವಾಯಿತು.

ಆದರೂ ಎಲ್ಲ ಪ್ರಾಣಿಗೂ ತೊಟ್ಟಿ ಒಗ್ಗುವುದಿಲ್ಲ. ಅಟ್ಲಾಂಟದ ಜಾರ್ಜಿಯಾ ಅಕ್ವೇರಿಯಂನಲ್ಲಿ 63 ಲಕ್ಷ ಗ್ಯಾಲನ್ ತೊಟ್ಟಿಯಲ್ಲಿ ವೇಲ್ ಶಾರ್ಕ್‌ಗಳ ಜೊತೆ ಡೈವ್ ಮಾಡಿಸುತ್ತ ಬಂದಿದ್ದಾರೆ. ತೈವಾನಿನಿಂದ ತಂದವುಗಳಲ್ಲಿ ಎರಡು 2007ರಲ್ಲೇ ಸತ್ತವು. ಸಾವಿರಾರು ಕಿಲೋಮೀಟರ್ ಸಂಚರಿಸುವ ಮೀನಿಗೆ ಎಷ್ಟು ದೊಡ್ಡ ತೊಟ್ಟಿಯೂ ಚಿಕ್ಕದೇ. ಭಾರತದಲ್ಲಿ 2001ರಿಂದ ಅದಕ್ಕೆ ಹುಲಿಗಿರುವಷ್ಟೇ ಕಾನೂನು ರಕ್ಷಣೆ ಇದೆ. ಗುಜರಾತಿನ ಮೀನುಗಾರರು ಬಲೆಗೆ ಬಿದ್ದದ್ದನ್ನು ತಮ್ಮ ಬಲೆ ಕತ್ತರಿಸಿ ಬಿಡುತ್ತಾರೆ. ಆ ಡೈವ್‌ಗೆ ದುಡ್ಡು ಕೊಡಿ ಎಂದು ನಾನು ಯಾರಿಗೂ ಹೇಳಲಾರೆ.

ಇನ್ನು ಹೊರಡುವವರಿಗೆ. ಲೈಸೆನ್ಸ್ ಕೋರ್ಸ್ ಮೂರು ನಾಲ್ಕು ದಿನದ್ದು. ಮುರುಡೇಶ್ವರ, ಪುದುಚೇರಿ, ಅಂಡಮಾನ್‌ನಲ್ಲಿ ಕಲಿಸುತ್ತಾರೆ. ಇದಿಲ್ಲದೆಯೂ, ಈಜು ಬಾರದೆಯೂ, ನೇತ್ರಾಣಿಯಲ್ಲಿ ಗುರುವಿನ ಕೈ ಹಿಡಿದು ಒಮ್ಮೆ ಇಳಿದು ನೋಡಬಹುದು. 27 ಅಡಿ ಆಳ ಏನು ಮಹಾ ಎಂದು ಉಡಾಫೆ ಬೇಡ. ನೀರಿನ ಒತ್ತಡಕ್ಕೆ ಕಿವಿಯೊಳಗಿನ ಗಾಳಿ ಅತಿ ಹೆಚ್ಚು ಕುಗ್ಗುವುದೇ ಮೊದಲ ಮೂವತ್ತು ಅಡಿಯಲ್ಲಿ. ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳುತ್ತ ಇಳಿಯಬೇಕು. ನೆಗಡಿ ಇದ್ದವರು ಇಳಿಯಲೇಬಾರದು. ವಿಮಾನ ಹತ್ತುವ ಹಿಂದಿನ ಗಳಿಗೆಗೆ ಇದನ್ನು ಇಟ್ಟುಕೊಳ್ಳಲೂ ಬಾರದು. ಒಂದು ಡೈವ್ ಆದ ಮೇಲೆ ಕನಿಷ್ಠ 12 ತಾಸು, ಹಲವು ಡೈವ್ ಮಾಡಿದ್ದರೆ 18 ತಾಸು ಬಿಟ್ಟು ಹಾರಬೇಕು. ಪ್ರವಾಸದಲ್ಲಿ ಎರಡು ದಿನ ಉಳಿತಾಯವಾಗುವ ಹಾಗಿದ್ದರೆ ಮೊದಲು ಕೀ ಲಾರ್ಗೊಗೆ ಹೋಗಿ ಅಳಿದುಳಿದ ಹವಳ ನೋಡಿ ಬನ್ನಿ. ಎಪ್ಕಾಟ್ ಅದರ ನಂತರಕ್ಕಿರಲಿ.